ಮಂಜುಗಡ್ಡೆಯ ಅಂಗಳದ ಗುರು

ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರ ಭಾಗದಲ್ಲಿ ವಿಸ್ಕಾನ್ಸಿನ್ ಎಂಬ ರಾಜ್ಯವಿದೆ. ಅದರ ರಾಜಧಾನಿಯಾದ ಮ್ಯಾಡಿಸನ್ ನಗರವು ಎರಡು ಸರೋವರಗಳ ನಡುವಣ ಕಿರಿದಾದ ನೆಲದ ಮೇಲೆ ಬೆಳೆದು ನಿಂತಿದೆ. ಒಂದು ಸರೋವರದ ಹೆಸರು ಮೆಂಡೋಟಾ, ಇನ್ನೊಂದರ ಹೆಸರು ಮೊನೋನಾ. ಬೇಸಗೆಯಲ್ಲಿ ದೋಣಿಗಳು ತೇಲುವ ಈ ನೀರು ಚಳಿಗಾಲ ಬಂತೆಂದರೆ ಹೆಪ್ಪುಗಟ್ಟಿ ಕಲ್ಲಿನಷ್ಟು ಗಟ್ಟಿಯಾಗುತ್ತದೆ. ಆಗ ಊರಿನ ಮಕ್ಕಳು ಅಡಿಯಲ್ಲಿ ಉಕ್ಕಿನ ಅಲಗನ್ನು ಜೋಡಿಸಿದ ಸ್ಕೇಟ್ ಬೂಟುಗಳನ್ನು ತೊಟ್ಟು, ಕೈಯಲ್ಲೊಂದು ಕೋಲು ಹಿಡಿದು, ಸರೋವರದ ಮೇಲೆಯೇ ಆಟಕ್ಕಿಳಿಯುತ್ತಾರೆ. ನಮ್ಮ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಬಯಲಾದ ಗದ್ದೆಗಳು ಆಟದ ಮೈದಾನವಾಗುವಂತೆ, ಅಲ್ಲಿ ಚಳಿಗಾಲದ ಕೆರೆಗಳು ಆಟದ ಅಂಗಳವಾಗುತ್ತವೆ.

ಅವರು ಆಡುವ ಆಟ ಐಸ್ ಹಾಕಿ. ನಮಗೆ ಪರಿಚಿತವಾದ ಹಾಕಿಗೂ ಇದಕ್ಕೂ ಹೆಸರಿನಲ್ಲಿಯೂ ಕೋಲಿನಲ್ಲಿಯೂ ನಂಟುಂಟು. ಉಳಿದಂತೆ ಎರಡೂ ಬೇರೆ ಬೇರೆ ಆಟಗಳು. ಇಲ್ಲಿ ಚೆಂಡಿಲ್ಲ. ಅದರ ಬದಲು ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪದ, ಗಟ್ಟಿ ರಬ್ಬರಿನ ಕಪ್ಪು ಬಿಲ್ಲೆಯಿದೆ. ಅದನ್ನು ಪಕ್ ಎನ್ನುತ್ತಾರೆ. ತಂಡದ ಪರವಾಗಿ ಒಂದು ವೇಳೆಗೆ ಅಂಗಳದಲ್ಲಿರುವವರು ಗೋಲುರಕ್ಷಕರೂ ಸೇರಿ ಆರೇ ಮಂದಿ. ಆದರೆ ಮಂಜುಗಡ್ಡೆಯ ಮೇಲಿನ ಓಟ ಎಷ್ಟು ಬಿರುಸಾದುದೆಂದರೆ, ಒಂದು ನಿಮಿಷ ತುಂಬುವುದರೊಳಗೆ ಆಟಗಾರರು ಬಸವಳಿದು ಬದಿಯ ಬೆಂಚಿಗೆ ಮರಳುತ್ತಾರೆ. ಆಟ ನಿಲ್ಲದಿರುವಂತೆಯೇ ಬೇರೆಯವರು ಕಟಕಟೆಯನ್ನು ದಾಟಿ ಒಳಕ್ಕೆ ಜಿಗಿಯುತ್ತಾರೆ. ತಲಾ ಇಪ್ಪತ್ತು ನಿಮಿಷಗಳ ಮೂರು ಅವಧಿಗಳಿಗೆ ಪಂದ್ಯ ಮುಗಿಯುತ್ತದೆ. ನಮ್ಮ ದೇಶದಲ್ಲಿ ಲಡಾಖಿನ ಹೆಣ್ಣುಮಕ್ಕಳು ಈ ಆಟದಲ್ಲಿ ಮುಂದಿದ್ದಾರೆ. 2025ರಲ್ಲಿ ಏಷ್ಯಾ ಕಪ್ ಪಂದ್ಯಾವಳಿಯಲ್ಲಿ ಭಾರತದ ಮಹಿಳಾ ತಂಡವು ಕಂಚಿನ ಪದಕವನ್ನು ಗಳಿಸಿತು.

ಮ್ಯಾಡಿಸನ್ ನಗರದಲ್ಲಿರುವ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಯರಿಗೆ ಈ ಆಟವನ್ನು ಕಲಿಸಿದ ಒಬ್ಬ ಗುರುವಿನ ಕಥೆಯನ್ನು ಇಲ್ಲಿ ಹೇಳಬೇಕಾಗಿದೆ. ಅವರ ಹೆಸರು ಮಾರ್ಕ್ ಜಾನ್ಸನ್.

ಮಾರ್ಕ್ ಹುಟ್ಟಿದ್ದು 1957ರಲ್ಲಿ, ನೆರೆಯ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರದಲ್ಲಿ. ತಂದೆ ಬಾಬ್ ಜಾನ್ಸನ್ ಹಾಕಿ ತರಬೇತುದಾರರು. 1966ರಲ್ಲಿ ಅವರು ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯಕ್ಕೆ ಬಂದರು. ಎಂಥ ಬಿರುಗಾಳಿಯ ದಿನವಾದರೂ ಅದು ಹಾಕಿಗೆ ಹೇಳಿ ಮಾಡಿಸಿದ ದಿನ ಎಂದು ನಗುನಗುತ್ತ ಅಂಗಳಕ್ಕಿಳಿಯುವ ಮನುಷ್ಯ ಅವರು. ಅಂಥವರ ಮಗನಿಗೆ ಮಂಜುಗಡ್ಡೆಯ ಅಂಗಳವೇ ಮನೆಯಂಗಳವಾದುದು ಸಹಜ. 1976ರಲ್ಲಿ ಮಾರ್ಕ್ ಅದೇ ವಿಶ್ವವಿದ್ಯಾನಿಲಯವನ್ನು ಸೇರಿ ತಂದೆಯ ಕೈಕೆಳಗೆ ಆಡತೊಡಗಿದರು. ತಂದೆಯೇ ತರಬೇತುದಾರರಾಗಿದ್ದಾಗ ಮಗನ ಪಾಡು ಸುಲಭವಲ್ಲ. ಚೆನ್ನಾಗಿ ಆಡಿದರೆ ತಂದೆಯ ಕೃಪೆ ಎನ್ನುವವರುಂಟು, ಆಡದಿದ್ದರೆ ಅದನ್ನೇ ಇನ್ನೂ ಗಟ್ಟಿಯಾಗಿ ಹೇಳುವವರುಂಟು. ಮಾರ್ಕ್ ಇದಕ್ಕೆ ಬಾಯಿಂದ ಉತ್ತರ ಕೊಡಲಿಲ್ಲ. ಮೊದಲ ವರ್ಷವೇ, 1977ರಲ್ಲಿ, ವಿಸ್ಕಾನ್ಸಿನ್ ತಂಡವು ರಾಷ್ಟ್ರೀಯ ಕಾಲೇಜು ಪ್ರಶಸ್ತಿಯನ್ನು ಗೆದ್ದಿತು. ಮೂರು ವರ್ಷಗಳಲ್ಲಿ ಅವರು ಹೊಡೆದ ಗೋಲುಗಳು 125.

ಆಳು ನೋಡಿದರೆ ಅಂಥ ಕಟ್ಟುಮಸ್ತಲ್ಲ. ಎತ್ತರ ಐದು ಅಡಿ ಒಂಬತ್ತು ಅಂಗುಲ. ಪುರುಷರ ಐಸ್ ಹಾಕಿಯಲ್ಲಿ ಮೈಗೆ ಮೈ ಡಿಕ್ಕಿ ಕೊಟ್ಟು ಎದುರಾಳಿಯನ್ನು ಬದಿಯ ಗೋಡೆಗೆ ಒತ್ತುವುದಕ್ಕೂ ಅನುಮತಿಯಿದೆ. ದೈತ್ಯರಂಥ ಆಟಗಾರರ ನಡುವೆ ಮಾರ್ಕ್ ಉಳಿದದ್ದು ತೋಳಿನ ಬಲದಿಂದಲ್ಲ. ಪಕ್ ಎಲ್ಲಿದೆ ಎಂಬುದಕ್ಕಿಂತ ಮುಂದಿನ ಕ್ಷಣ ಅದು ಎಲ್ಲಿಗೆ ಬರುತ್ತದೆ ಎಂಬುದನ್ನು ಊಹಿಸುವ ಕಣ್ಣಿನಿಂದ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅವರು ಕಲಿಸಿದ ವಿದ್ಯೆಯ ಬೇರು ಇಲ್ಲಿದೆ.

1980ರ ಚಳಿಗಾಲದ ಒಲಿಂಪಿಕ್ ಕ್ರೀಡಾಕೂಟವು ನ್ಯೂಯಾರ್ಕ್ ರಾಜ್ಯದ ಲೇಕ್ ಪ್ಲ್ಯಾಸಿಡ್ ಎಂಬ ಪುಟ್ಟ ಊರಿನಲ್ಲಿ ನಡೆಯಿತು. ಆ ಕಾಲದಲ್ಲಿ ಐಸ್ ಹಾಕಿ ಎಂದರೆ ಸೋವಿಯತ್ ಒಕ್ಕೂಟದ ತಂಡ. ಹಿಂದಿನ ನಾಲ್ಕು ಒಲಿಂಪಿಕ್ ಕೂಟಗಳ ಚಿನ್ನವೂ ಅವರದೇ. ಅಮೆರಿಕದ ತಂಡದಲ್ಲಿದ್ದವರು ಬಹುಮಟ್ಟಿಗೆ ಕಾಲೇಜು ಹುಡುಗರು. ಅವರ ತರಬೇತುದಾರರಾದ ಹರ್ಬ್ ಬ್ರೂಕ್ಸ್ ಮಿನ್ನೆಸೋಟ ವಿಶ್ವವಿದ್ಯಾನಿಲಯದವರು. ಕಾಲೇಜು ಹಾಕಿಯಲ್ಲಿ ಅವರಿಗೂ ಬಾಬ್ ಜಾನ್ಸನ್ನರಿಗೂ ಇದ್ದ ಪೈಪೋಟಿ ಎಲ್ಲರೂ ಬಲ್ಲದ್ದು. ಆದರೂ ಬ್ರೂಕ್ಸರು ಎದುರಾಳಿಯ ಮಗನನ್ನು ಆರಿಸಿಕೊಂಡರು. ಅವನ ಮೇಲೆ ಭರವಸೆಯನ್ನೂ ಇಟ್ಟರು.

ಫೆಬ್ರವರಿ 22ರಂದು ಎರಡು ತಂಡಗಳೂ ಎದುರುಬದುರಾದವು. ಮೊದಲ ಅವಧಿ ಮುಗಿಯುತ್ತ ಬಂದಿತ್ತು. ಸೋವಿಯತ್ ತಂಡ ಎರಡು ಗೋಲು, ಅಮೆರಿಕ ಒಂದು. ಅಮೆರಿಕದ ಒಬ್ಬ ಆಟಗಾರ ಬಹುದೂರದಿಂದ ಒಂದು ಹೊಡೆತ ಹೊಡೆದ. ಜಗತ್ಪ್ರಸಿದ್ಧ ಗೋಲುರಕ್ಷಕ ವ್ಲಾದಿಸ್ಲಾವ್ ತ್ರೆತ್ಯಾಕ್ ಅದನ್ನು ತಡೆದರು. ಪಕ್ ಅವರ ಮೈಗೆ ಬಡಿದು ಮುಂದಕ್ಕೆ ಪುಟಿಯಿತು. ಅವಧಿ ಮುಗಿದೇ ಹೋಯಿತೆಂದು ರಕ್ಷಣೆಯ ಆಟಗಾರರು ಕೊಂಚ ಸಡಿಲಗೊಂಡಿದ್ದರು. ಮಾರ್ಕ್ ಸಡಿಲಗೊಂಡಿರಲಿಲ್ಲ. ಅವರಿಬ್ಬರ ನಡುವೆ ನುಸುಳಿ, ಪಕ್ಕನ್ನು ಎತ್ತಿಕೊಂಡು, ತ್ರೆತ್ಯಾಕರನ್ನು ದಾಟಿಸಿ ಗೋಲಿನೊಳಕ್ಕೆ ತಳ್ಳಿದರು. ಗಡಿಯಾರದಲ್ಲಿ ಉಳಿದಿದ್ದುದು ಒಂದೇ ಸೆಕೆಂಡು. ಮರು ಅವಧಿಗೆ ಸೋವಿಯತ್ ತರಬೇತುದಾರರು ತ್ರೆತ್ಯಾಕರನ್ನೇ ಹೊರಗೆ ಕೂರಿಸಿದರು. ಮೂರನೆಯ ಅವಧಿಯಲ್ಲಿ ಅಮೆರಿಕ ಮತ್ತೆ ಹಿಂದೆ ಬಿದ್ದಿದ್ದಾಗ ಸಮಬಲದ ಗೋಲನ್ನು ಹೊಡೆದವರೂ ಮಾರ್ಕರೇ. ನಾಯಕ ಮೈಕ್ ಎರುಜಿಯೋನೆ ಹೊಡೆದ ಗೋಲಿನಿಂದ ಅಮೆರಿಕ 4–3ರಲ್ಲಿ ಗೆದ್ದಿತು. ಎರಡು ದಿನಗಳ ಬಳಿಕ ಫಿನ್ಲೆಂಡನ್ನು ಸೋಲಿಸಿ ಚಿನ್ನದ ಪದಕವನ್ನು ಪಡೆಯಿತು.

ಆಮೇಲೆ ಹನ್ನೊಂದು ವರ್ಷ ಅವರು ವೃತ್ತಿಪರ ಸಂಘಗಳಲ್ಲಿ ಆಡಿದರು. ಕೆಲಕಾಲ ಯೂರೋಪಿನಲ್ಲೂ ಆಡಿದರು. 1991ರಲ್ಲಿ ತಂದೆ ಬಾಬ್ ಜಾನ್ಸನ್ ತೀರಿಕೊಂಡರು. ಆಟಗಾರನ ಕಾಲ ಕಳೆದ ಮೇಲೆ ಮಾರ್ಕ್ ತಮ್ಮ ಹಳೆಯ ವಿಶ್ವವಿದ್ಯಾನಿಲಯಕ್ಕೇ ಮರಳಿ, 1996ರಿಂದ ಪುರುಷರ ತಂಡದ ಸಹಾಯಕ ತರಬೇತುದಾರರಾದರು.

ಆರು ವರ್ಷ ಹೀಗೆ ಸಂದವು. 2002ರಲ್ಲಿ ಪುರುಷರ ತಂಡದ ಮುಖ್ಯ ತರಬೇತುದಾರರು ನಿವೃತ್ತರಾದರು. ತಂದೆ ಕುಳಿತಿದ್ದ ಪೀಠ, ತಾನು ಬೆಳೆದ ಅಂಗಳ, ಆರು ವರ್ಷಗಳ ಸೇವೆ. ಒಲಿಂಪಿಕ್ ಚಿನ್ನ ಬೇರೆ. ಮಾರ್ಕ್ ಆ ಸ್ಥಾನವನ್ನು ಬಯಸಿದರು. ಆದರೆ ವಿಶ್ವವಿದ್ಯಾನಿಲಯವು ಅದನ್ನು ಮೈಕ್ ಈವ್ಸ್ ಎಂಬವರಿಗೆ ಕೊಟ್ಟಿತು. ಈವ್ಸ್ ಹೊರಗಿನವರೇನಲ್ಲ, 1977ರ ವಿಜಯೀ ತಂಡದಲ್ಲಿ ಮಾರ್ಕರ ಜೊತೆಯಲ್ಲೇ ಆಡಿದ ಗೆಳೆಯರು. ಅರ್ಹತೆಯಲ್ಲಿ ಅವರೂ ಕಡಮೆಯವರಲ್ಲ. ಆದರೂ ಬಯಸಿದ್ದು ಕೈತಪ್ಪಿದಾಗ ಆಗುವ ನೋವಿಗೆ ಇಂಥ ಸಮಾಧಾನಗಳು ಸಾಕಾಗುವುದಿಲ್ಲ.

ಅದೇ ವರ್ಷ ಆ ವಿಶ್ವವಿದ್ಯಾನಿಲಯದ ಮಹಿಳಾ ತಂಡಕ್ಕೂ ಮುಖ್ಯ ತರಬೇತುದಾರರು ಬೇಕಾಗಿದ್ದರು. ಮಾರ್ಕ್ ಆ ಹುದ್ದೆಯನ್ನು ಸ್ವೀಕರಿಸಿದರು.

ಇಂದು ಈ ಸಂಗತಿಯನ್ನು ಓದುವವರಿಗೆ ಇದರಲ್ಲಿ ವಿಶೇಷವೇನೂ ಕಾಣದಿರಬಹುದು. ಆದರೆ ಅಂದಿನ ಮಹಿಳಾ ಹಾಕಿಯ ಸ್ಥಿತಿಯನ್ನು ತಿಳಿದರೆ ಅದರ ತೂಕ ತಿಳಿಯುತ್ತದೆ. ಅಮೆರಿಕದಲ್ಲಿ ಸರಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಹೆಣ್ಣು ಗಂಡೆಂಬ ಭೇದವೆಣಿಸಿ ಯಾರನ್ನೂ ಹೊರಗಿಡಬಾರದೆಂಬ ಕಾನೂನು ಬಂದುದು 1972ರಲ್ಲಿ. ಕಾನೂನು ಒಂದೇ ದಿನದಲ್ಲಿ ಬರಬಹುದು. ಅಂಗಳದ ಬಾಗಿಲು ತೆರೆಯಲು ವರ್ಷಗಳೇ ಹಿಡಿಯುತ್ತವೆ. ಒಲಿಂಪಿಕ್ ಕೂಟದಲ್ಲಿ ಮಹಿಳೆಯರ ಐಸ್ ಹಾಕಿ ಸೇರಿದ್ದು 1998ರಲ್ಲಿ, ಜಪಾನಿನ ನಾಗಾನೋ ನಗರದಲ್ಲಿ. ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆಯು ಮಹಿಳೆಯರಿಗಾಗಿ ಪ್ರಶಸ್ತಿ ಪಂದ್ಯಾವಳಿಯನ್ನು ಆರಂಭಿಸಿದ್ದು 2001ರಲ್ಲಿ. ಗಂಡಸರ ಪಂದ್ಯಾವಳಿಗೆ ಆಗಲೇ ಅರ್ಧ ಶತಮಾನ ತುಂಬಿತ್ತು. ವಿಸ್ಕಾನ್ಸಿನ್ನಿನಲ್ಲಿ ಮಹಿಳಾ ತಂಡವು ಆಡತೊಡಗಿ ಮೂರೇ ವರ್ಷಗಳಾಗಿದ್ದವು. ಪುರುಷರ ತಂಡವನ್ನು ನೋಡಲು ಸಾವಿರಾರು ಮಂದಿ ಸೇರುತ್ತಿದ್ದರೆ ವಿದ್ಯಾರ್ಥಿನಿಯರ ಆಟಕ್ಕೆ ಬಹುತೇಕ ಖಾಲಿ ಆಸನಗಳೇ ಪ್ರೇಕ್ಷಕರು.

ದೊಡ್ಡ ಹೆಸರಿನ ಆಟಗಾರನೊಬ್ಬ ಇಂಥ ಕೆಲಸಕ್ಕೆ ಬಂದರೆ ಎರಡು ಅನುಮಾನಗಳು ಹುಟ್ಟುವುದು ಸಹಜ. ಬೇರೆ ಕಡೆ ಅವಕಾಶ ಸಿಕ್ಕೊಡನೆ ಹೊರಟುಹೋಗುವನೇನೋ ಎಂಬುದು ಒಂದು. ಹೆಣ್ಣುಮಕ್ಕಳಿಗೆ ಇಷ್ಟು ಸಾಕು ಎಂದು ಕೈಬಿಗಿದು ಕಲಿಸುವನೇನೋ ಎಂಬುದು ಇನ್ನೊಂದು. ಜಾನ್ಸನ್ನರ ವಿಷಯದಲ್ಲಿ ಎರಡೂ ಸುಳ್ಳಾದವು.

ಮಹಿಳೆಯರ ಐಸ್ ಹಾಕಿಯ ನಿಯಮದಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ಪುರುಷರ ಆಟದಲ್ಲಿರುವಂತೆ ಎದುರಾಳಿಗೆ ಬಲವಾಗಿ ಡಿಕ್ಕಿ ಕೊಡುವುದು ಇಲ್ಲಿ ನಿಷಿದ್ಧ. ಹೀಗಾಗಿ ಇಲ್ಲಿ ಮೇಲುಗೈ ಸಾಧಿಸಬೇಕಾದರೆ ಚುರುಕಾದ ಸ್ಕೇಟಿಂಗು, ಪಕ್ಕನ್ನು ಕೈಬಿಡದ ನಿಗ್ರಹ, ಜೊತೆಗಾರ್ತಿಯ ಇಂಗಿತವನ್ನರಿತು ಅದನ್ನು ದಾಟಿಸುವ ಜಾಣ್ಮೆ ಇವು ಬೇಕು. ದೈತ್ಯರ ನಡುವೆ ಸಣ್ಣಾಳಾಗಿ ಆಡಿದ ಜಾನ್ಸನ್ನರ ಬಳಿ ಇದ್ದ ವಿದ್ಯೆಯೂ ಇದೇ ಅಲ್ಲವೆ? ತಾವು ಜೀವಮಾನವಿಡೀ ಆಡಿದ ಆಟಕ್ಕೆ ತಕ್ಕ ಅಂಗಳವು ಅವರಿಗೆ, ತಾವು ಹುಡುಕದ ಕಡೆಯಲ್ಲಿ, ದೊರೆಯಿತೆಂದು ನನಗೆ ತೋರುತ್ತದೆ.

ಕಲಿಸುವ ರೀತಿಯಲ್ಲಿ ಅವರು ಮಿತಭಾಷಿ. ಬೆಂಚಿನ ಹಿಂದೆ ನಿಂತು ಕೂಗಾಡುವ ತರಬೇತುದಾರರನ್ನು ನೋಡಿ ಅಭ್ಯಾಸವಾದವರಿಗೆ ಅವರ ಮೌನ ಅಚ್ಚರಿಯನ್ನುಂಟುಮಾಡುತ್ತಿತ್ತು. ಗೋಲು ಬಂದರೂ ಅದೇ ಮುಖ, ಗೋಲು ಬಿಟ್ಟರೂ ಅದೇ ಮುಖ. ಆದರೆ ಆಟವು ಆನಂದದ ವಿಷಯವೆಂಬ ತಂದೆಯ ಪಾಠವನ್ನು ಅವರು ಮರೆತವರಲ್ಲ.

ಪ್ರಶಸ್ತಿ ಪಂದ್ಯಾವಳಿಯ ಮೊದಲ ಐದು ವರ್ಷಗಳ ವಿಜಯವೂ ನೆರೆಯ ಮಿನ್ನೆಸೋಟ ರಾಜ್ಯದ ತಂಡಗಳ ಪಾಲಾಗಿತ್ತು. 2006ರ ಮಾರ್ಚ್ ತಿಂಗಳಲ್ಲಿ ಅಂತಿಮ ಪಂದ್ಯವು ಅವರ ನೆಲದಲ್ಲೇ, ಮಿನಿಯಾಪೊಲಿಸ್ಸಿನಲ್ಲಿ, ನಡೆಯಿತು. ಜಾನ್ಸನ್ನರ ವಿದ್ಯಾರ್ಥಿನಿಯರು ಮಿನ್ನೆಸೋಟ ತಂಡವನ್ನು 3–0ರಲ್ಲಿ ಸೋಲಿಸಿ ಮೊದಲ ಬಾರಿಗೆ ಪ್ರಶಸ್ತಿಯನ್ನು ಮ್ಯಾಡಿಸನ್ನಿಗೆ ತಂದರು. ಜೆಸಿ ವೆಟರ್ ಎಂಬ ಗೋಲುರಕ್ಷಕಿ ಉಪಾಂತ್ಯದಲ್ಲಾಗಲಿ ಅಂತ್ಯದಲ್ಲಾಗಲಿ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಅದಾದ ಎರಡೇ ವಾರಗಳಲ್ಲಿ ಮೈಕ್ ಈವ್ಸರ ಪುರುಷರ ತಂಡವೂ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತು. ಒಂದೇ ವರ್ಷ ಎರಡೂ ಪ್ರಶಸ್ತಿಗಳನ್ನು ಪಡೆದ ಮೊದಲ ವಿಶ್ವವಿದ್ಯಾನಿಲಯ ಅದಾಯಿತು. ನಾಲ್ಕು ವರ್ಷಗಳ ಹಿಂದೆ ಒಂದು ಪೀಠಕ್ಕಾಗಿ ಎದುರುಬದುರಾಗಿದ್ದ ಹಳೆಯ ಜೊತೆಗಾರರಿಬ್ಬರೂ ಒಂದೇ ಊರಿನಲ್ಲಿ ಒಂದೇ ವಸಂತದಲ್ಲಿ ಗೆದ್ದು ನಿಂತಿದ್ದರು.

ಮರುವರ್ಷದ ಹಾದಿ ಇನ್ನೂ ಕಠಿಣವಾಗಿತ್ತು. 2007ರ ಕಾಲುಭಾಗದ ಪಂದ್ಯದಲ್ಲಿ ಹಾರ್ವರ್ಡ್ ತಂಡ ಎದುರಾಯಿತು. ಅರುವತ್ತು ನಿಮಿಷಗಳಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ಸಮವಾದರೆ ಮೊದಲ ಗೋಲಿನ ವರೆಗೂ ಆಡುತ್ತಲೇ ಇರಬೇಕೆಂಬುದು ನಿಯಮ. ಒಂದು ಹೆಚ್ಚುವರಿ ಅವಧಿ ಕಳೆಯಿತು, ಎರಡು ಕಳೆದವು, ಮೂರೂ ಕಳೆದವು. ಎರಡು ಪಂದ್ಯಗಳಿಗೆ ಸಾಕಾಗುವಷ್ಟು ಹೊತ್ತು ಆಡಿಯೂ ಫಲಕದ ಮೇಲೆ ಎರಡು ಸೊನ್ನೆಗಳೇ ಇದ್ದವು. ನಾಲ್ಕನೆಯ ಹೆಚ್ಚುವರಿ ಅವಧಿಯಲ್ಲಿ ಜಿನೆಲ್ ಝಾಗ್ ಎಂಬಾಕೆ ಹೊಡೆದ ಗೋಲಿನಿಂದ ವಿಸ್ಕಾನ್ಸಿನ್ ಗೆದ್ದಿತು. ಆ ವರ್ಷದ ಅಂತಿಮ ಪಂದ್ಯ ನಡೆದದ್ದು ಎಲ್ಲಿ ಎಂದುಕೊಂಡಿರಿ? ಲೇಕ್ ಪ್ಲ್ಯಾಸಿಡ್ಡಿನಲ್ಲಿ! ಇಪ್ಪತ್ತೇಳು ವರ್ಷಗಳ ಹಿಂದೆ ಒಂದು ಸೆಕೆಂಡು ಉಳಿದಿರುವಾಗ ತಾವು ಗೋಲು ಹೊಡೆದ ಅದೇ ಅಂಗಳದ ಬದಿಯಲ್ಲಿ ನಿಂತು, ಜಾನ್ಸನ್ನರು ತಮ್ಮ ಶಿಷ್ಯೆಯರು ಮಿನ್ನೆಸೋಟ ಡುಲೂತ್ ತಂಡವನ್ನು 4–1ರಲ್ಲಿ ಮಣಿಸುವುದನ್ನು ನೋಡಿದರು. ಆ ಅಂಗಳಕ್ಕೆ ಆಗ ಅವರ ಹಳೆಯ ಗುರು ಹರ್ಬ್ ಬ್ರೂಕ್ಸರ ಹೆಸರನ್ನಿಡಲಾಗಿತ್ತು.

2009ರಲ್ಲಿ ಮತ್ತೆ ಪ್ರಶಸ್ತಿ ಬಂತು. ಮರುವರ್ಷ ಅವರು ವಿಶ್ವವಿದ್ಯಾನಿಲಯದಿಂದ ರಜೆ ಪಡೆದು, ವ್ಯಾಂಕೂವರಿನ ಒಲಿಂಪಿಕ್ ಕೂಟದಲ್ಲಿ ಅಮೆರಿಕದ ಮಹಿಳಾ ತಂಡದ ತರಬೇತುದಾರರಾದರು. ಅಂತಿಮ ಪಂದ್ಯದಲ್ಲಿ ಕೆನಡಾ ತಂಡವು ತನ್ನ ನೆಲದಲ್ಲಿ 2–0ರಿಂದ ಗೆದ್ದಿತು. ಆಟಗಾರನಾಗಿ ಚಿನ್ನ ಕಂಡವರು ತರಬೇತುದಾರರಾಗಿ ಬೆಳ್ಳಿಗೆ ತೃಪ್ತರಾಗಬೇಕಾಯಿತು. ತಂಡದ ಹುಡುಗಿಯರು ಕಣ್ಣೀರಿನೊಡನೆ ಪದಕವನ್ನು ಕೊರಳಿಗೆ ಹಾಕಿಸಿಕೊಂಡರು.

2011ರಲ್ಲಿ ನಾಲ್ಕನೆಯ ಪ್ರಶಸ್ತಿ. ಇದಾದ ಬಳಿಕ ಬಂದ ಕಾಲವನ್ನು ಕುರಿತು ಸ್ವಲ್ಪ ನಿಂತು ಹೇಳಬೇಕು. ಏಕೆಂದರೆ ವಿಜಯದ ಪಟ್ಟಿಗಳಲ್ಲಿ ಅದು ಕಾಣಿಸುವುದಿಲ್ಲ. ಎಂಟು ವರ್ಷ ಅವರ ತಂಡಕ್ಕೆ ಪ್ರಶಸ್ತಿ ದಕ್ಕಲಿಲ್ಲ. ತಂಡ ದುರ್ಬಲವಾಗಿತ್ತೆಂದಲ್ಲ. 2012ರಲ್ಲಿ ಅಂತಿಮ ಪಂದ್ಯದ ವರೆಗೆ ಬಂದು ಮಿನ್ನೆಸೋಟಕ್ಕೆ ಸೋತರು. 2014, 2015, 2016 ಮೂರು ವರ್ಷವೂ ಉಪಾಂತ್ಯದಲ್ಲಿ ಮತ್ತೆ ಅದೇ ಮಿನ್ನೆಸೋಟ ಅಡ್ಡ ನಿಂತಿತು. 2017ರಲ್ಲಿ ದೇಶದ ಶ್ರೇಷ್ಠ ಕಾಲೇಜು ಆಟಗಾರ್ತಿಯೆಂಬ ಗೌರವವನ್ನು ಪಡೆದ ಗೋಲುರಕ್ಷಕಿ ಆನ್ ರೆನೆ ಡೆಬಿಯಾಂ ಅವರ ತಂಡದಲ್ಲೇ ಇದ್ದಳು. ಆದರೂ ಅಂತಿಮ ಪಂದ್ಯದಲ್ಲಿ ಕ್ಲಾರ್ಕ್‌ಸನ್ ತಂಡ ಗೆದ್ದಿತು. ನಾಲ್ಕು ವರ್ಷ ಓದಿ ಒಮ್ಮೆಯೂ ಪ್ರಶಸ್ತಿಯನ್ನು ಮುಟ್ಟದೆ ಪದವಿ ಪಡೆದು ಹೋದ ಹುಡುಗಿಯರೆಷ್ಟೋ ಮಂದಿ. ತರಬೇತುದಾರನಿಗೆ ಮುಂದಿನ ವರ್ಷವೆಂಬುದು ಇದ್ದೇ ಇರುತ್ತದೆ. ಕೊನೆಯ ವರ್ಷದ ವಿದ್ಯಾರ್ಥಿನಿಗೆ ಅದಿರುವುದಿಲ್ಲ. ಪ್ರತಿ ಮಾರ್ಚಿನಲ್ಲೂ ಈ ಮಾತನ್ನು ಎದುರಿಸಿ, ಅಕ್ಟೋಬರಿನಲ್ಲಿ ಹೊಸ ಮುಖಗಳೊಡನೆ ಮತ್ತೆ ಮೊದಲಿನಿಂದ ತೊಡಗುವುದು ಸಣ್ಣ ಕೆಲಸವಲ್ಲ.

ಪ್ರಶಸ್ತಿ ಬಾರದ ಆ ವರ್ಷಗಳಲ್ಲೇ ಬೇರೊಂದು ಬದಲಾವಣೆ ನಡೆಯುತ್ತಿತ್ತು. 2012ರಲ್ಲಿ ವಿಶ್ವವಿದ್ಯಾನಿಲಯವು ಮಹಿಳಾ ತಂಡದ ಪಂದ್ಯಗಳಿಗೆಂದೇ ಲಬಾನ್ ಅರೀನಾ ಎಂಬ ಹೊಸ ಅಂಗಳವನ್ನು ಕಟ್ಟಿಸಿತು. ಎರಡು ಸಾವಿರಕ್ಕೂ ಮಿಕ್ಕಿದ ಆಸನಗಳು, ಅವು ತುಂಬತೊಡಗಿದವು. 2017ರ ಜನವರಿಯಲ್ಲಿ ಒಂದು ಪಂದ್ಯವನ್ನು ಪಕ್ಕದ ದೊಡ್ಡ ಕ್ರೀಡಾಂಗಣದಲ್ಲಿ ಏರ್ಪಡಿಸಿದಾಗ 15,359 ಜನ ಬಂದು ಸೇರಿದರು. ಅಮೆರಿಕದ ಕಾಲೇಜು ಮಹಿಳಾ ಹಾಕಿಯಲ್ಲಿ ಅಷ್ಟು ಜನ ಅದಕ್ಕೆ ಮುಂಚೆ ಎಲ್ಲಿಯೂ ಸೇರಿರಲಿಲ್ಲ. ಖಾಲಿ ಆಸನಗಳ ಮುಂದೆ ಆಡಿದ ಮೊದಲ ವರ್ಷಗಳ ಆಟಗಾರ್ತಿಯರಿಗೆ ಈ ಸುದ್ದಿ ಹೇಗೆ ಕೇಳಿಸಿರಬಹುದೆಂದು ಊಹಿಸಬಹುದು.

ಶಿಷ್ಯೆಯರೂ ದೂರ ದೂರಕ್ಕೆ ಹೋಗಿದ್ದರು. 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ ಅಮೆರಿಕದ ಮಹಿಳಾ ತಂಡವು ಇಪ್ಪತ್ತು ವರ್ಷಗಳ ಬಳಿಕ ಒಲಿಂಪಿಕ್ ಚಿನ್ನವನ್ನು ಗೆದ್ದಾಗ ಅದರ ನಾಯಕಿ ಮೇಗನ್ ದುಗ್ಗನ್. ಆಕೆ ಜಾನ್ಸನ್ನರ ಶಿಷ್ಯೆ. ವ್ಯಾಂಕೂವರಿನಲ್ಲಿ ಬೆಳ್ಳಿಗೆ ಕೊರಳೊಡ್ಡಿದವರಲ್ಲಿ ಒಬ್ಬಳು. ಹಿಲರಿ ನೈಟ್, ಬ್ರಿಯಾನಾ ಡೆಕರ್ ಇವರೂ ಜಾನ್ಸನ್ನರ ಶಿಷ್ಯೆಯರೇ. 2022ರಲ್ಲಿ ಬೀಜಿಂಗಿನ ಅಂತಿಮ ಪಂದ್ಯದಲ್ಲಿ ಅಮೆರಿಕದ ಕಡೆ ಹಿಲರಿ ನೈಟ್ ಆಡುತ್ತಿದ್ದರೆ, ಎದುರಿಗೆ ಕೆನಡಾದ ಗೋಲನ್ನು ಕಾಯುತ್ತಿದ್ದವಳು ಅದೇ ಡೆಬಿಯಾಂ. ಕೆನಡಾ 3–2ರಲ್ಲಿ ಗೆದ್ದಿತು. ಮ್ಯಾಡಿಸನ್ನಿನಲ್ಲಿ ಕಲಿತದ್ದನ್ನೇ ಎರಡು ದೇಶಗಳ ಹುಡುಗಿಯರು ಒಬ್ಬರ ಮೇಲೊಬ್ಬರು ಪ್ರಯೋಗಿಸುತ್ತಿದ್ದರೆ ಗುರುವು ಯಾರ ಪರ ಚಪ್ಪಾಳೆ ತಟ್ಟಬೇಕು?

2019ರಲ್ಲಿ ಬರಗಾಲ ಮುಗಿಯಿತು. ಅಂತಿಮ ಪಂದ್ಯದಲ್ಲಿ ಮಿನ್ನೆಸೋಟವನ್ನೇ 2–0ರಲ್ಲಿ ಸೋಲಿಸಿ ತಂಡವು ಐದನೆಯ ಪ್ರಶಸ್ತಿಯನ್ನು ಗಳಿಸಿತು. 2020ರಲ್ಲಿ ಕೋವಿಡ್ ಸಾಂಕ್ರಾಮಿಕದ ದೆಸೆಯಿಂದ ಪಂದ್ಯಾವಳಿಯೇ ನಡೆಯಲಿಲ್ಲ. 2021ರಲ್ಲಿ, 2023ರಲ್ಲಿ ಮತ್ತೆ ಗೆದ್ದರು. 2024ರ ಅಂತಿಮ ಪಂದ್ಯದಲ್ಲಿ ಓಹಾಯೋ ಸ್ಟೇಟ್ ತಂಡವು ಒಂದೇ ಗೋಲಿನಿಂದ ಅವರನ್ನು ಸೋಲಿಸಿತು.

2025ರ ಮಾರ್ಚ್ ತಿಂಗಳಲ್ಲಿ ಅದೇ ಎರಡು ತಂಡಗಳು ಪ್ರಶಸ್ತಿಗಾಗಿ ಮತ್ತೆ ಎದುರಾದವು. ಸ್ಥಳ ಮಿನಿಯಾಪೊಲಿಸ್, ಜಾನ್ಸನ್ನರು ಹುಟ್ಟಿದ ಊರು. ಅವರಿಗೆ ಆಗ ಅರುವತ್ತೇಳು ವರ್ಷ. ಮೂರನೆಯ ಅವಧಿಯ ಕೊನೆಗೆ ಓಹಾಯೋ ಸ್ಟೇಟ್ 3–2ರಲ್ಲಿ ಮುಂದಿತ್ತು. ಒಂದು ನಿಮಿಷವೂ ಉಳಿದಿರಲಿಲ್ಲ. ಗೋಲಿನ ಮುಂದೆ ನೂಕುನುಗ್ಗಲಾಯಿತು. ಓಹಾಯೋ ಆಟಗಾರ್ತಿಯೊಬ್ಬಳು ಗೋಲಿನ ಮುಂದಣ ಆವರಣದಲ್ಲಿ ಪಕ್ಕನ್ನು ಕೈಯಿಂದ ಮುಚ್ಚಿದಳೆಂದು, ಚಿತ್ರಗಳನ್ನು ಮರುಪರಿಶೀಲಿಸಿದ ತೀರ್ಪುಗಾರರು ವಿಸ್ಕಾನ್ಸಿನ್ನಿಗೆ ಪೆನಾಲ್ಟಿ ಹೊಡೆತವನ್ನು ಕೊಟ್ಟರು. ಕರ್ಸ್ಟನ್ ಸಿಮ್ಸ್ ಎಂಬ ವಿದ್ಯಾರ್ಥಿನಿ ಅಂಗಳದ ನಡುವಿನಿಂದ ಒಬ್ಬಳೇ ಹೊರಟಳು. ಎದುರಿಗೆ ಗೋಲುರಕ್ಷಕಿ ಒಬ್ಬಳೇ. ತುಂಬಿದ ಕ್ರೀಡಾಂಗಣವು ಎದ್ದು ನಿಂತಿತ್ತು. ಆಕೆ ಪಕ್ಕನ್ನು ಗೋಲಿನೊಳಕ್ಕೆ ಸೇರಿಸಿದಾಗ ಗಡಿಯಾರದಲ್ಲಿ ಹತ್ತೊಂಬತ್ತು ಸೆಕೆಂಡುಗಳೂ ಪೂರ್ತಿ ಉಳಿದಿರಲಿಲ್ಲ.

ಹೆಚ್ಚುವರಿ ಅವಧಿ ಆರಂಭವಾಗಿ ಮೂರು ನಿಮಿಷ ತುಂಬುವುದರೊಳಗೆ ಸಿಮ್ಸಳೇ ಇನ್ನೊಂದು ಗೋಲನ್ನೂ ಹೊಡೆದಳು. ಹುಡುಗಿಯರು ಬೆಂಚನ್ನು ಹಾರಿ, ಕೋಲುಗಳನ್ನೂ ಶಿರಸ್ತ್ರಾಣಗಳನ್ನೂ ಗಾಳಿಗೆ ಎಸೆದು, ಮಂಜುಗಡ್ಡೆಯ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು ಕೂಗಾಡಿದರು. ಅದು ಜಾನ್ಸನ್ನರ ವಿದ್ಯಾರ್ಥಿನಿಯರು ಗೆದ್ದ ಎಂಟನೆಯ ರಾಷ್ಟ್ರೀಯ ಪ್ರಶಸ್ತಿ.